ಭಾನುವಾರದ ಎರಡು ಹಾಳೆ

ಆ ಮನೆಯಲ್ಲಿ ಭಾನುವಾರದ ಕಾಗದವೆಂದರೆ ಒಬ್ಬಳು ಬರೆಯುವುದು, ಮೂವರು ತಿದ್ದುವುದು.

ಬರೆಯುವವಳು ಮನೆಯಾಕೆ. ದೊಡ್ಡಾಸ್ಪತ್ರೆಯ ಬಟ್ಟೆ ವಿಭಾಗದಲ್ಲಿ ಹರಿದ ಹಾಸು, ದಿಂಬಿನ ಚೀಲ, ಡಾಕ್ಟರರ ಹಸಿರು ಅಂಗಿ ಇವಕ್ಕೆಲ್ಲ ಹೊಲಿಗೆ ಹಾಕುವುದು ಅವಳ ಕೆಲಸ. ಅಲ್ಲೂ, ಬೀದಿಯಲ್ಲೂ ಅವಳನ್ನು ಹೊಲಿಗೆಯಮ್ಮ ಎಂದೇ ಕರೆಯುತ್ತಿದ್ದರು. ಎರಡು ಮಕ್ಕಳಾದ ಮೇಲೆ ಸಂಜೆ ಶಾಲೆಗೆ ಹೋಗಿ ಹತ್ತನೆಯ ತರಗತಿ ಪಾಸು ಮಾಡಿದವಳು ಅವಳು. ಹಾಗಾಗಿ ಅಕ್ಷರವೆಂದರೆ ಅವಳಿಗೆ ಭಯವೂ ಇತ್ತು, ಭಕ್ತಿಯೂ ಇತ್ತು. ಮೊದಲು ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಪೆನ್ಸಿಲ್ಲಿನಲ್ಲಿ ಬರೆದುಕೊಂಡು, ಆಮೇಲೆ ಗೆರೆಯ ಹಾಳೆಗೆ ಇಳಿಸುವಳು. ಎರಡು ಹಾಳೆ, ಹೆಚ್ಚಿಲ್ಲ, ಕಡಿಮೆಯಿಲ್ಲ.

ಮಗಳಿದ್ದುದು ಮೂರು ದಿನದ ಹಾದಿಯಾಚೆ. ಅಳಿಯನಿಗೆ ಅಲ್ಲಿನ ವಿದ್ಯುತ್ ಸ್ಥಾವರದಲ್ಲಿ ಪಾಳಿಯ ಕೆಲಸ. ಮಗಳು ಈಗ ಬಸುರಿ. ಐದನೆಯ ತಿಂಗಳಲ್ಲಿ ತುಸು ರಕ್ತ ಕಾಣಿಸಿಕೊಂಡಾಗ ಡಾಕ್ಟರು ಹೆರಿಗೆಯ ತನಕ ಹಾಸಿಗೆ ಬಿಟ್ಟು ಏಳಕೂಡದು ಅಂದಿದ್ದರು. ಬುಧವಾರಕ್ಕೊಮ್ಮೆ ಫೋನು ಬರುತ್ತಿತ್ತು. ಆದರೆ ಅವಳೇ ಕೇಳಿಕೊಂಡಿದ್ದಳು: "ಫೋನಲ್ಲಿ ಮಾತಾಡಿದ್ದು ಇಟ್ಟ ತಕ್ಷಣ ಹೋಗಿಬಿಡುತ್ತೆ ಅಮ್ಮ. ನೀನು ಬರೆದು ಕಳಿಸು. ಮಲಗಿದ ಕಡೆ ಮತ್ತೆ ಮತ್ತೆ ಓದ್ತೀನಿ. ದೊಡ್ಡ ವಿಷಯ ಏನೂ ಬೇಡ. ಯಾರು ಏನು ತಿಂದ್ರು, ಯಾರು ಯಾರ ಮೇಲೆ ಮುನಿಸ್ಕೊಂಡ್ರು, ಅಷ್ಟಿದ್ರೆ ಸಾಕು."

ಅಷ್ಟಕ್ಕೇನು ಬರವೇ? ಮಧ್ಯಾಹ್ನದ ಊಟ ಮುಗಿದು ತಟ್ಟೆಗಳು ಬೋರಲು ಬಿದ್ದವೆಂದರೆ ಹೊಲಿಗೆಯಮ್ಮ ಕೂರುವಳು. ಬರೆದು ಮುಗಿಸಿದ್ದನ್ನು ಗಟ್ಟಿಯಾಗಿ ಓದಬೇಕು. ಮಗ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಫೋನಿನಲ್ಲಿ ಚಿತ್ರ ತೆಗೆದು ಅಕ್ಕನಿಗೆ ಕಳಿಸಬೇಕು. ಓದುವುದಕ್ಕೂ ಕಳಿಸುವುದಕ್ಕೂ ನಡುವೆ ತಕರಾರಿನ ಹೊತ್ತು.

"'ಅಜ್ಜಿಯ ಕಾಲುನೋವು ಹಾಗೇ ಇದೆ,'" ಎಂದು ಓದಿದಳು. "'ನಾನು ಎಣ್ಣೆ ಹಚ್ಚಿ ನೀವದಿದ್ದರೆ ಅವರಿಗೆ ನಿದ್ದೆಯಿಲ್ಲ. ಗಂಜಿಯನ್ನು ಬೇರೆ ಯಾರು ಮಾಡಿಕೊಟ್ಟರೂ ಮುಟ್ಟುವುದಿಲ್ಲ.'"

"ಮುಟ್ಟೋದಿಲ್ಲ ಅಂದ್ರೆ ನಾನೇನೋ ಹಟಮಾರಿ ಅನ್ನೋ ಹಾಗಾಯ್ತು," ಅಂದರು ಅತ್ತೆ. ಎಂಬತ್ತೊಂದರ ಮುದುಕಿ. ಒಂದು ಕಿವಿ ಮಂದ, ಅದೂ ಬೇಕಾದಾಗ ಮಾತ್ರ. "ಸೇರೋದಿಲ್ಲ ಅಂತ ಬರಿ."

"ಬರೆದಾಯ್ತಲ್ಲ ಅತ್ತೆ."

"ಹೊಡೆದು ಬರಿ. ಮರಿಮಗು ನಾಳೆ ದೊಡ್ಡದಾಗಿ ಓದೋಲ್ವೇ?"

ಮುಟ್ಟುವುದಿಲ್ಲ ಹೋಗಿ ಸೇರುವುದಿಲ್ಲ ಬಂತು. "'ಅಪ್ಪನಿಗೆ ರಕ್ತದೊತ್ತಡದ ಮಾತ್ರೆ ಅಂಗೈಯಲ್ಲಿಟ್ಟು, ನುಂಗುವವರೆಗೂ ಎದುರಿಗೆ ನಿಂತಿರಬೇಕು. ಮೊನ್ನೆ ನಾನು ಅರ್ಧ ದಿನ ಹೆಚ್ಚಿಗೆ ಆಸ್ಪತ್ರೆಯಲ್ಲಿದ್ದೆ, ಬಂದು ನೋಡಿದರೆ ಮನೆ ಮನೆಯಂತಿರಲಿಲ್ಲ.'"

ಗಂಡ ಬಸ್ಸು ಲಾರಿಗಳಿಗೆ ಸೀಟು ಕಟ್ಟುವ ಮೇಸ್ತ್ರಿ. ಮನೆಯ ಮುಂದಿನ ಕೋಣೆಯೇ ಅವನ ಕಾರ್ಖಾನೆ. ಫೋಮಿನ ರಾಶಿಯ ಮೇಲೆ ಒರಗಿದವನು ಅಲ್ಲಿಂದಲೇ ಅಂದ: "ಸಾಯಂಕಾಲಕ್ಕೆ ನಂಗೆ ಲಾಲಿ ಹಾಡ್ತೀಯ ಅಂತಾನೂ ಸೇರಿಸು."

"ಸುಳ್ಳು ಬರೆದಿದ್ದೀನೇನ್ರೀ?"

"ಸುಳ್ಳಲ್ಲ. ನಿಜಾನೆಲ್ಲ ಬರೀಲೇಬೇಕು ಅಂತ ಕಾನೂನಿದ್ಯಾ?"

"ನನ್ನದೇನಿದೆ ಓದಮ್ಮ," ಅಂದ ಮಗ. ಇಪ್ಪತ್ತಾರರ ಹುಡುಗ, ನೀರಿನ ಮೀಟರು ಓದುತ್ತ ಮನೆಮನೆ ತಿರುಗುವ ಕೆಲಸದವನು. ಬೆಳೆದು ಬಾಗಿಲಿಗೆ ತಲೆ ತಾಗುತ್ತಿದ್ದರೂ ಮನೆಯಲ್ಲಿ ಇನ್ನೂ ಅವನು ಮರಿ.

"'ಮರಿಯ ಅಂಗಿಯ ಗುಂಡಿ ಹೋದರೆ ನಾನು ನೋಡುವವರೆಗೂ ಹಾಗೇ ಹಾಕಿಕೊಂಡು ಹೋಗುತ್ತಾನೆ. ನಾಯಿ ಅಟ್ಟಿಸಿಕೊಂಡು ಬಂದಿದ್ದಕ್ಕೆ ಒಂದು ಮನೆಯ ಮೀಟರು ಓದದೆ ಅಂದಾಜಿನ ಮೇಲೆ ಬರೆದುಬಂದಿದ್ದಾನೆ.'"

"ಅಮ್ಮ, ಅದು ಆಫೀಸಿಗೆ ಗೊತ್ತಾದ್ರೆ ನನ್ನ ಕಥೆ ಮುಗೀತು."

"ಅಕ್ಕ ಆಫೀಸಾ?"

ನಗು, ಜಗಳ, ಎರಡು ಕಡೆ ಗೀಟು. ಮರಿ ಚಿತ್ರ ತೆಗೆದು ಕಳಿಸಿದ. ಹನ್ನೊಂದು ಭಾನುವಾರ ಹೀಗೇ ನಡೆದಿತ್ತು.

ಹೊಲಿಗೆಯಮ್ಮ ಬರೆಯದೆ ಬಿಟ್ಟ ಮಾತು ಒಂದೇ. ಹೆರಿಗೆಯ ಹೊತ್ತಿಗೆ ತಾನು ಅಲ್ಲಿರಬೇಕು. ಐದನೆಯ ತಿಂಗಳಿಂದ ಆ ಆಸೆ ಎದೆಯೊಳಗೆ ಕೂತಿತ್ತು. ಆದರೆ ಕರೆಯದೆ ಹೋಗುವುದು ಹೇಗೆ? ಅದು ಅಳಿಯನ ಮನೆ. ಇರುವುದು ಎರಡೇ ಕೋಣೆ. ತನ್ನ ಕೈ ಅಡುಗೆ ಅಲ್ಲಿಗೆ ಹಿಡಿಸುತ್ತದೋ ಇಲ್ಲವೋ. ತಾನು ಹೋಗಿ ಭಾರವಾದರೆ? ಮಗಳೇ ಒಂದು ಸಲ "ಬಾ" ಅನ್ನಲಿ, ಆಮೇಲೆ ಉಳಿದದ್ದು ನೋಡೋಣ ಎಂದು ಕಾದಳು. ಡಾಕ್ಟರು ಕೊಟ್ಟ ತಾರೀಕು ಯಾವುದು ಎಂದು ಸುತ್ತಿಬಳಸಿ ಎರಡು ಸಲ ಕೇಳಿದಳು. ಎರಡು ಸಲವೂ ತಾರೀಕು ಮಾತ್ರ ಬಂತು.

ಹನ್ನೊಂದನೆಯ ಕಾಗದ ಹೋದ ಮೇಲಿನ ಬುಧವಾರ ಸಂಜೆ ಫೋನು ಬಂತು.

"ಅಮ್ಮ, ಒಬ್ಬರು ಆಯಾನ ಗೊತ್ತು ಮಾಡಿದ್ದೀವಿ. ಎರಡು ತಿಂಗಳು ಮನೇಲೇ ಇರ್ತಾರೆ. ಐವತ್ತು ಮಕ್ಕಳಿಗೆ ಸ್ನಾನ ಮಾಡಿಸಿದ ಕೈಯಂತೆ. ನೀನು ಇನ್ನು ಯೋಚನೆ ಮಾಡ್ಬೇಡ."

"ಒಳ್ಳೇದಾಯ್ತು," ಅಂದಳು ಹೊಲಿಗೆಯಮ್ಮ. "ಒಳ್ಳೇದೇ ಆಯ್ತು ಪುಟ್ಟಿ," ಎಂದು ಇನ್ನೊಮ್ಮೆ ಅಂದಳು.

ಮರುದಿನ ಆಸ್ಪತ್ರೆಯಲ್ಲಿ ಅವಳು ಒಂದು ಡಜನ್ ದಿಂಬಿನ ಚೀಲ ಹೊಲಿದಳು. ಮಧ್ಯಾಹ್ನ ಬಟ್ಟೆ ಮಡಿಸುವ ಕೆಲಸದವಳು ಒಂದನ್ನು ತಂದು ಮಿಷನ್ನಿನ ಮೇಲಿಟ್ಟಳು. ನಾಲ್ಕೂ ಕಡೆ ಅಚ್ಚುಕಟ್ಟಾಗಿ ಹೊಲಿಗೆ ಬಿದ್ದಿತ್ತು.

"ಹೊಲಿಗೆಯಮ್ಮ, ದಿಂಬನ್ನ ಎಲ್ಲಿಂದ ತುರುಕೋದು, ನೀವೇ ಹೇಳಿ."

ಇಪ್ಪತ್ತು ವರ್ಷದಲ್ಲಿ ಮೊದಲ ಸಲ. ಎಲ್ಲರೂ ನಕ್ಕರು. ಅವಳೂ ನಕ್ಕು, ಒಂದು ಬದಿ ಬಿಚ್ಚಿಕೊಟ್ಟಳು.

ಭಾನುವಾರ ಬಂತು. ತಟ್ಟೆಗಳು ಬೋರಲು ಬಿದ್ದವು. ಅವಳು ಕ್ಯಾಲೆಂಡರು ತೆಗೆಯಲಿಲ್ಲ. ಬೇಳೆಯ ಡಬ್ಬ ತೆಗೆದು ಕಲ್ಲು ಆರಿಸುತ್ತ ಕೂತಳು.

"ಕಾಗದ ಇಲ್ವೇನಮ್ಮ ಇವತ್ತು?" ಅತ್ತೆ ಕೇಳಿದರು.

"ಏನಿದೆ ಬರೆಯೋಕೆ."

"ನಾನು ನಿನ್ನೆ ಬಚ್ಚಲಲ್ಲಿ ಜಾರಿ ಬೀಳೋ ಹಾಗಾಗಿದ್ದು ಇದ್ಯಲ್ಲ."

"ಆಯಾ ಇದ್ದಾಳಲ್ಲ ಅತ್ತೆ, ಐವತ್ತು ಮಕ್ಕಳ ಕೈ. ಅವಳೇ ಕೂತು ಕಥೆ ಹೇಳ್ತಾಳೆ."

ಮುಂದಿನ ಕೋಣೆಯಲ್ಲಿ ರೆಕ್ಸಿನ್ ಕತ್ತರಿಸುತ್ತಿದ್ದ ಶಬ್ದ ನಿಂತಿತು. ಮೇಸ್ತ್ರಿ ಕತ್ತರಿ ಹಿಡಿದೇ ಬಂದು ಬಾಗಿಲಲ್ಲಿ ನಿಂತ. "ಅದಕ್ಕೇನಾ ನಾಲ್ಕು ದಿನದಿಂದ ಮುಖ ಹೀಗೆ?"

"ನನ್ನ ಮುಖ ಇರೋದೇ ಹೀಗೆ. ಹೆತ್ತ ತಾಯಿ ಇಲ್ಲಿ ಬದುಕಿದ್ದೀನಿ, ಬರ್ತೀಯಾ ಅಮ್ಮ ಅಂತ ಒಂದು ಮಾತು ಕೇಳಲಿಲ್ಲ."

"ಕೇಳೋದೇನಮ್ಮ," ಅಂದ ಮರಿ, ತಲೆಯೆತ್ತದೆ. "ನೀನೇ ಬರೋಲ್ಲ ಅಂದ್ಯಲ್ಲ."

"ನಾನು ಯಾವಾಗ ಹಾಗಂದೆನೋ?"

"ವಾರವಾರಾನೂ."

ಅವನು ಫೋನನ್ನು ಅವಳ ಕೈಗೆ ಕೊಟ್ಟ. ಹನ್ನೊಂದು ವಾರ, ಇಪ್ಪತ್ತೆರಡು ಹಾಳೆ, ಮೂಲೆಯಲ್ಲಿ ಅವನ ಹೆಬ್ಬೆರಳಿನ ನೆರಳು. ಅವಳು ಬೇಳೆ ಪಕ್ಕಕ್ಕಿಟ್ಟು ಕನ್ನಡಕ ಏರಿಸಿ ಓದತೊಡಗಿದಳು. ಬರೆಯುವಾಗ ಒಂದೊಂದೇ ವಾರವಾಗಿ ಬರೆದದ್ದನ್ನು ಒಟ್ಟಿಗೆ ಓದಿರಲಿಲ್ಲ. 'ಅಜ್ಜಿಯನ್ನು ಬಿಟ್ಟು ಅಂಗಡಿಯವರೆಗೆ ಹೋಗಿಬರಲೂ ಯೋಚನೆಯಾಗುತ್ತದೆ' ಎಂದು ಮೂರನೆಯ ವಾರ. 'ನಾನು ಒಂದು ದಿನ ಜ್ವರ ಬಂದು ಮಲಗಿದರೆ ಈ ಮನೆಯಲ್ಲಿ ಒಲೆ ಹೊತ್ತುವುದಿಲ್ಲ' ಎಂದು ಐದನೆಯ ವಾರ. ಅಪ್ಪ ಮಗ ಒಂದೇ ಕೋಣೆಯಲ್ಲಿ ಒಂದು ಗಂಟೆ ಇದ್ದರೆ ನಡುವೆ ತಾನಿರಬೇಕು ಎಂದು ಇನ್ನೊಂದರಲ್ಲಿ. ಆಮೇಲೆ ಮಾತ್ರೆ, ಗಂಜಿ, ಎಣ್ಣೆ, ಗುಂಡಿ. ಒಂದಕ್ಷರ ಸುಳ್ಳಿರಲಿಲ್ಲ. ಹಾಗಿದ್ದೂ ಇಪ್ಪತ್ತೆರಡು ಹಾಳೆಯೂ ಸೇರಿ ಒಂದೇ ಮಾತು ಹೇಳುತ್ತಿದ್ದವು. ಓದಿದವರು ಯಾರೇ ಆಗಲಿ, ಈ ಹೆಂಗಸು ಹೊಸಿಲು ದಾಟುವ ಹಾಗಿಲ್ಲ ಎಂದೇ ತಿಳಿಯಬೇಕು.

"ಅಕ್ಕ ನನ್ನ ಕೇಳಿದ್ಲು," ಅಂದ ಮರಿ, ಈಗ ಮೆತ್ತಗೆ. "ಅಮ್ಮಂಗೆ ಬರೋಕಾಗುತ್ತೇನೋ ಅಂತ. ನೀನೇ ಓದ್ತಿದ್ದೀಯಲ್ಲ ಅಂದೆ. ಹೌದು ಬಿಡು, ಪಾಪ, ಕೇಳಿ ಯಾಕೆ ಸಂಕಟ ಕೊಡೋದು ಅಂದ್ಲು."

ಹೊಲಿಗೆಯಮ್ಮ ಫೋನು ಕೆಳಗಿಟ್ಟಳು. "ನಾನು ಇಲ್ಲಿನ ಪಾಡು ಬರೆದೆ ಅಷ್ಟೇ. ನಿಜ ತಾನೇ? ನಾನು ಹೋದ್ರೆ ಇವರಿಗೆ ಗಂಜಿ ಯಾರು ಮಾಡ್ತಾರೆ?"

ಮರಿ ಅಜ್ಜಿಯ ಕಡೆ ನೋಡಿದ. ಅಜ್ಜಿ ಸೂರಿನ ಕಡೆ ನೋಡಿದರು.

"ಏನು?" ಅಂದಳು ಹೊಲಿಗೆಯಮ್ಮ.

"ನಿನಗೆ ಎರಡು ಪಾಳಿ ಬಿದ್ದ ದಿನ ಮರಿ ಮಾಡಿಕೊಡ್ತಾನೆ," ಅಂದರು ಅತ್ತೆ. "ಗಂಟುಗಂಟು ಇರುತ್ತೆ. ಹಸಿವಾಗಿರುತ್ತೆ, ತಿಂತೀನಿ."

"ಮುಟ್ಟೋದಿಲ್ಲ ಅಂತಿದ್ರಿ?"

"ಸೇರೋದಿಲ್ಲ ಅಂದೆ. ನೀನೇ ಮುಟ್ಟೋದಿಲ್ಲ ಅಂತ ಬರೆದದ್ದು."

ಅವಳು ಗಂಡನ ಕಡೆ ತಿರುಗಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವಂತೆ ಮೇಸ್ತ್ರಿಯ ಕೈ ಆಗಲೇ ಅಂಗಿಯ ಜೇಬಿಗೆ ಹೋಗಿತ್ತು. ಅಲ್ಲಿ ಮಾತ್ರೆಯ ಪಟ್ಟಿ.

"ನೀನಿಲ್ಲದ ದಿನಕ್ಕೆ ಅಂತ ಒಂದು ಇಟ್ಕೊಂಡಿರ್ತೀನಿ."

"ನೆನಪಿರುತ್ತಾ ನಿಮಗೆ?"

"ಸಾಯೋ ಆಸೆ ಯಾರಿಗಿದೆ?"

"ಮತ್ತೆ ದಿನಾ ನಾನ್ಯಾಕೆ ಎದುರಿಗೆ ನಿಂತು ಕೊಡ್ಬೇಕಾಗಿತ್ತು?"

"ನೀನು ಕೊಡ್ತಿದ್ದೆ, ನಾನು ತಗೋತಿದ್ದೆ."

ಅತ್ತೆ ಗೊಣಗಿದರು: "ತನ್ನ ಕೋಳಿ ಕೂಗಿದರೇ ಬೆಳಗಾಗೋದು ಅಂದ್ಕೊಂಡಿದ್ಳಂತೆ ಒಬ್ಳು ಮುದುಕಿ."

ಅದು ಬರೀ ತಮಾಷೆ. ಬೇರೆ ದಿನವಾಗಿದ್ದರೆ ಹೊಲಿಗೆಯಮ್ಮ ತಿರುಗಿ ಒಂದು ಕೊಡುತ್ತಿದ್ದಳು. ಅವತ್ತು ಎದ್ದು ಹೋಗಿ, ಹೋದ ವಾರವಷ್ಟೇ ಒಗೆದಿದ್ದ ಪರದೆಗಳನ್ನೆಲ್ಲ ಕಿತ್ತು ತಂದು ಬಚ್ಚಲಲ್ಲಿ ನೆನೆಹಾಕಿದಳು. ಅಲ್ಲಿ ಮಗಳಿಗೆ ತಾನು ಬೇಕಾಗಿಲ್ಲ ಎಂದು ನಾಲ್ಕು ದಿನ ಅತ್ತಿದ್ದಳು. ಇಲ್ಲಿಯೂ ತಾನಿಲ್ಲದೆ ನಡೆಯುತ್ತದೆ ಎಂಬುದು ಈಗ ತಿಳಿಯಿತು. ಎರಡರಲ್ಲಿ ಯಾವುದು ಹೆಚ್ಚು ಚುಚ್ಚಿತೆಂದು ಅವಳಿಗೇ ಹೇಳಲು ಬರುತ್ತಿರಲಿಲ್ಲ.

ಎರಡು ದಿನ ಮನೆಯಲ್ಲಿ ಮಾತು ಕಡಿಮೆ, ಪಾತ್ರೆಯ ಸದ್ದು ಜಾಸ್ತಿ. ಮಂಗಳವಾರ ಸಂಜೆ ಅತ್ತೆಯ ಕಾಲಿಗೆ ಎಣ್ಣೆ ಹಚ್ಚುತ್ತಿದ್ದಾಗ ಅತ್ತೆಯೇ ಶುರು ಮಾಡಿದರು.

"ಹೋಗ್ಬೇಕು ಅಂತ ಇದ್ಯೋ ಇಲ್ವೋ ನಿಂಗೆ?"

"ಇದೆ ಅತ್ತೆ."

"ಬಾಯಿಬಿಟ್ಟು ಹೇಳೋಕೇನು ದಾಡಿ?"

"ಅವಳು ಕರೀಲಿಲ್ಲ."

"ಕರೆಯೋಕೆ ಜಾಗ ಎಲ್ಲಿ ಬಿಟ್ಟಿದ್ದೀಯ? ನಮ್ಮ ಕಾಲದಲ್ಲಿ ಅಕ್ಕಿ ಅಳೆದು ಮೇಲೆ ಕೈಯಾಡಿಸ್ತಿದ್ರು, ಒಂದು ಕಾಳೂ ಹೆಚ್ಚಿಗೆ ನಿಲ್ಲಬಾರದು ಅಂತ. ಹಾಗಿದೆ ನಿನ್ನ ಕಾಗದ."

ಹೊಲಿಗೆಯಮ್ಮ ಮಂಡಿಯ ಸುತ್ತ ಹೆಬ್ಬೆರಳು ಒತ್ತಿದಳು. ಅತ್ತೆ ಕಾಲು ಬದಲಿಸಿದರು.

"ನನ್ನ ಮಗಳ ಚೊಚ್ಚಲ ಹೆರಿಗೆಗೆ ನಾನು ಹೋಗ್ಲಿಲ್ಲ. ಗೊತ್ತಾ ನಿಂಗೆ?"

"ಅಂಗಡಿ ಇತ್ತು ಅಂತ ಕೇಳಿದ್ದೀನಿ."

"ಅಂಗಡೀಲಿ ನಿಮ್ಮ ಮಾವ ಕೂತಿರ್ತಿದ್ರು. ನಾನು ಬೆಳಿಗ್ಗೆ ಕಸ ಗುಡಿಸಿ ಬರ್ತಿದ್ದೆ, ಅಷ್ಟೆ. ಅಂಗಡಿ ಬಿಟ್ಟು ಹೇಗಮ್ಮಾ ಬರಲಿ ಅಂದೆ, ಅವಳೂ ನಂಬಿದ್ಲು. ಹೆದರಿಕೆ ನನಗೆ. ದೂರದ ಊರು, ಗೊತ್ತಿಲ್ಲದ ಜನ, ಅವಳು ನೋವು ತಿನ್ನೋದನ್ನ ನೋಡ್ಕೊಂಡು ನಿಲ್ಲೋದು." ಅವರು ಸೆರಗು ಎಳೆದುಕೊಂಡರು. "ಈಗ್ಲೂ ಬರ್ತಾಳೆ, ಉಣ್ತಾಳೆ, ಸೀರೆ ಕೊಡಿಸ್ತಾಳೆ. ಒಂದು ಕೊರತೆ ಮಾಡಿಲ್ಲ. ಆದ್ರೆ ಆ ದಿನದ ಮಾತು ಮಾತ್ರ ನನ್ನೆದುರಿಗೆ ಇವತ್ತಿನವರೆಗೂ ಎತ್ತಿಲ್ಲ. ನಾನಾಗಿ ಕೇಳೋಕೆ ಬಾಯಿಲ್ಲ."

ಹೊಲಿಗೆಯಮ್ಮ ಎಣ್ಣೆಯ ಬಟ್ಟಲು ಮುಚ್ಚಿಟ್ಟಳು. ಅತ್ತೆ ಕಾಲಿನ ಮೇಲೆ ಹೊದಿಕೆ ಎಳೆದುಕೊಂಡು, "ಈ ಮಾತನ್ನ ಕಾಗದದಲ್ಲಿ ಬರೀಬೇಡ," ಅಂದರು.

ಮರುದಿನ ಅವಳು ಬಟ್ಟೆ ವಿಭಾಗದ ಮೇಲ್ವಿಚಾರಕಿಯ ಮುಂದೆ ನಿಂತಳು. ರಜೆ ಕೇಳುವುದು ರೂಢಿಯಿಲ್ಲದ್ದರಿಂದ ಮೊದಲು ಹವೆಯ ವಿಷಯ ಮಾತಾಡಿದಳು. ಎರಡು ತಿಂಗಳು ಸಂಬಳವಿಲ್ಲದ ರಜೆ ಸಿಗುತ್ತದೆ ಅಂದಳು ಮೇಲ್ವಿಚಾರಕಿ. ಆದರೆ ಮಿಷನ್ನು ಅಷ್ಟು ದಿನ ಖಾಲಿ ಬಿಡಲಾಗದು, ಬೇರೊಬ್ಬಳನ್ನು ಕೂರಿಸಬೇಕು. ತಿರುಗಿ ಬಂದ ಮೇಲೆ ಹೊಲಿಗೆಗೇ ಹಾಕುತ್ತೇನೆಂದು ಮಾತು ಕೊಡಲಾರೆ, ಒಗೆಯುವ ಕಡೆ ಹೋಗಬೇಕಾಗಬಹುದು. ಹೊಲಿಗೆಯಮ್ಮ ಆಗಲಿ ಅಂದು ಬಂದು ತನ್ನ ಮಿಷನ್ನಿಗೆ ಎಣ್ಣೆ ಬಿಟ್ಟಳು. ಅದಕ್ಕೆ ಅವತ್ತು ಎಣ್ಣೆ ಬೇಕಾಗಿರಲಿಲ್ಲ. ಸಂಜೆ ಮಗಳ ಫೋನು ಬಂದಾಗ ಕಾಗದ ಬರೆಯದ್ದಕ್ಕೆ ತಲೆನೋವಿನ ನೆಪ ಹೇಳಿದಳು. ಹೆರಿಗೆಗೆ ಬರುವ ಮಾತೆತ್ತಲು ಇನ್ನೂ ಬಾಯಿ ಬರಲಿಲ್ಲ.

ಫೋನಿಟ್ಟ ಮೇಲೆ ಊಟಕ್ಕೆ ಕೂತಾಗ, ಮೊದಲು ಎಲ್ಲರಿಗೂ ಬಡಿಸಿ, ತಾನು ಬಡಿಸಿಕೊಳ್ಳುವ ಮುಂಚೆ ಹೇಳಿದಳು: "ನಾನು ಹೋಗ್ತೀನಿ. ಹೆರಿಗೆಗೆ."

ಮೇಸ್ತ್ರಿಯ ತುತ್ತು ಅರ್ಧದಲ್ಲಿ ನಿಂತಿತು. "ಎಷ್ಟು ದಿನ?"

"ಎರಡು ತಿಂಗಳು."

"ಎರಡು ತಿಂಗಳು," ಎಂದು ಅವನು ತಟ್ಟೆಗೆ ಹೇಳಿದ. "ನಿನ್ನ ಕೆಲಸ?"

ಅವಳು ಇದ್ದದ್ದನ್ನು ಹೇಳಿದಳು.

"ಇಪ್ಪತ್ತು ವರ್ಷ ಕೂತ ಮಿಷನ್ನು. ಈ ವಯಸ್ಸಲ್ಲಿ ಒದ್ದೆ ಬಟ್ಟೆ ಎತ್ತೋಕೆ ಹೋಗ್ತೀಯ? ಆಯಾ ಇದ್ದಾಳಲ್ಲ ಅಲ್ಲಿ?"

"ಆಯಾಗೆ ನನ್ನ ಮಗಳು ಐವತ್ತೊಂದನೆಯವಳು."

"ಭಾವುಕವಾಗಿ ಮಾತಾಡ್ಬೇಡ. ಇಲ್ಲಿ ಇವರನ್ನ ನೋಡ್ಕೊಳ್ಳೋರು ಯಾರು?"

"ನನ್ನ ಹೆಸರು ಎಳೀಬೇಡ," ಅಂದರು ಅತ್ತೆ. ಮಂದ ಕಿವಿಗೆ ಅದು ಸ್ಪಷ್ಟವಾಗಿ ಕೇಳಿಸಿತ್ತು. "ನಿನಗೆ ಅವಳಿಲ್ಲದೆ ಆಗೋಲ್ಲ ಅಂದ್ರೆ ಹಾಗಂತ ಹೇಳು. ನನ್ನ ಮಂಡಿ ಹಿಂದೆ ಬಚ್ಚಿಟ್ಕೋಬೇಡ."

ಮೇಸ್ತ್ರಿಯ ಕಿವಿ ಕೆಂಪಾಯಿತು. ಅವನು ನೀರು ಕುಡಿದ.

ನಡುವೆ ಬಂದವನು ಮರಿ. "ಒಂದು ವಾರ ನೋಡೋಣ. ನಾಳೆಯಿಂದ ಅಮ್ಮ ಮನೇಲಿ ನೆಂಟಳು. ಕೆಲಸಕ್ಕೆ ಹೋಗ್ಲಿ, ಬರ್ಲಿ, ಉಣ್ಲಿ. ಒಂದು ಚಮಚಾನೂ ಎತ್ತಕೂಡದು. ಮನೆ ಬಿದ್ದುಹೋದ್ರೆ ಅಪ್ಪ ಗೆದ್ದ ಹಾಗೆ."

ಆ ವಾರ ಹೊಲಿಗೆಯಮ್ಮನ ಬಾಳಿನಲ್ಲೇ ಉದ್ದದ ವಾರ. ಮೊದಲನೆಯ ದಿನ ಅನ್ನ ತಳ ಹಿಡಿಯಿತು. ಎರಡನೆಯ ದಿನ ಮೇಸ್ತ್ರಿ ಕಪ್ಪು ಅಂಗಿಯನ್ನು ಬಿಳಿ ಹಾಸಿನ ಜೊತೆ ನೆನೆಹಾಕಿ, ಮನೆಯ ಹಾಸುಗಳೆಲ್ಲ ಮೋಡದ ಬಣ್ಣಕ್ಕೆ ತಿರುಗಿದವು. ಕಸದ ಬುಟ್ಟಿ ಯಾರ ಪಾಲಿನದು ಎಂದು ಅಪ್ಪ ಮಗ ಎತ್ತು ಏರಿಗೆ ಕೋಣ ನೀರಿಗೆ ಅನ್ನುವಂತೆ ಜಗ್ಗಾಡಿ, ಬುಟ್ಟಿ ಒಂದು ದಿನ ಪೂರ್ತಿ ಬಾಗಿಲಲ್ಲೇ ಕೂತಿತ್ತು.

"ನೀವು ಹೊರಗಡೆ ಹೋಗೋ ದಾರೀಲಿ ಎತ್ಕೊಂಡು ಹೋಗಿದ್ರೆ ಏನಾಗ್ತಿತ್ತಪ್ಪ?"

"ನಾನು ಹೊರಗೆಲ್ಲಿ ಹೋಗ್ತೀನೋ, ನನ್ನ ಕಾರ್ಖಾನೆ ಮನೇಲಿ. ಬೀದಿ ಅಳೆಯೋನು ನೀನು."

"ನಾನು ಅಳೆಯೋದು ನೀರು."

"ಸರಿ, ನೀರಿಗೇ ಹಾಕು."

ಹೊಲಿಗೆಯಮ್ಮ ಫೋಮಿನ ರಾಶಿಯ ಮೇಲೆ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂತಿದ್ದಳು. ಮೂರನೆಯ ದಿನ ಯಾರೂ ಇಲ್ಲದ ಹೊತ್ತು ನೋಡಿ ಟವೆಲುಗಳನ್ನು ಮಡಿಸುತ್ತಿದ್ದಾಗ ಮರಿಯ ಕೈಗೆ ಸಿಕ್ಕಿಬಿದ್ದಳು.

"ನೆಂಟರು ಟವೆಲ್ ಮಡಿಸೋದಿಲ್ಲ."

"ಮುದುರಿ ಬಿದ್ದಿತ್ತೋ."

"ಮುದುರಿದ ಟವೆಲಲ್ಲೂ ಮುಖ ಒರೆಸಬಹುದು ಅಮ್ಮ."

ನಾಲ್ಕನೆಯ ದಿನ ಮೇಸ್ತ್ರಿ ಮಾತ್ರೆ ಮರೆತ. ಮಧ್ಯಾಹ್ನ ಬಸ್ಸಿನೊಳಗೆ ಸೀಟು ಕೂರಿಸುವಾಗ ನೆನಪಾಗಿ, ಡ್ರೈವರನ ಬಾಟಲಿಯ ನೀರು ಇಸಿದುಕೊಂಡು ನುಂಗಿದೆನೆಂದು ಸಂಜೆ ತಾನಾಗಿ ಬಂದು ಒಪ್ಪಿಸಿದ. ಅವಳು ಬೈಯಲಿಲ್ಲ. ಐದನೆಯ ದಿನ ಗಂಜಿಯಲ್ಲಿ ಗಂಟು ಕಡಿಮೆಯಾಗಿತ್ತು. ಅತ್ತೆಯ ಕಾಲು ನೀವಿದವನು ಮರಿ. ಹುಡುಗನ ಕೈ ಮರದ ಹಾಗಿದೆ ಎಂದು ಅತ್ತೆ ದೂರಿದರು, ಆ ರಾತ್ರಿ ಗೊರಕೆಯನ್ನೂ ಹೊಡೆದರು. ಬಣ್ಣ ಕೆಟ್ಟ ಹಾಸಿನ ಮೇಲೆ ಎಲ್ಲರೂ ಮಲಗಿ ಎದ್ದರು. ಮನೆ ಅವಳು ನಡೆಸಿದ ಹಾಗೆ ನಡೆಯಲಿಲ್ಲ. ಕುಂಟಿತು, ಎಡವಿತು, ಗೊಣಗಿತು. ಆದರೂ ನಡೆಯಿತು.

ಅದನ್ನು ಕಣ್ಣಾರೆ ನೋಡುವುದು ಸುಲಭವಿರಲಿಲ್ಲ. ಮೂವತ್ತು ವರ್ಷ ಬೆಳಗಿನ ಐದಕ್ಕೆ ಎದ್ದದ್ದು ಯಾರಿಗಾಗಿ ಎಂದು ಆರನೆಯ ದಿನ ಅವಳು ಗಂಡನನ್ನೇ ಕೇಳಿದಳು.

ಮೇಸ್ತ್ರಿ ಸೂಜಿಗೆ ದಾರ ಪೋಣಿಸುತ್ತಿದ್ದ. "ಮೆತ್ತೆಯಿಲ್ಲದ ಬರೀ ಸ್ಪ್ರಿಂಗಿನ ಮೇಲೂ ಕೂರಬಹುದು ಕಣೇ," ಅಂದ. "ಬಸ್ಸು ಮುಂದಕ್ಕೇ ಹೋಗುತ್ತೆ. ಕೂತೋನಿಗೆ ಗೊತ್ತಾಗುತ್ತೆ, ಅಷ್ಟೆ." ಆಮೇಲೆ ದಾರ ಹಲ್ಲಿನಲ್ಲಿ ಕಡಿದು, "ಹೋಗಿ ಬಾ," ಅಂದ.

ನಡುವೆ ಒಂದು ಭಾನುವಾರ ಕಾಗದವಿಲ್ಲದೇ ಹೋಗಿತ್ತು. ಮುಂದಿನ ಭಾನುವಾರ ಅವಳು ಕ್ಯಾಲೆಂಡರು ತೆಗೆದಳು. ಮೊದಲ ಕರಡಿನಲ್ಲಿ ಹಾಸಿನ ಬಣ್ಣ, ತಳ ಹಿಡಿದ ಅನ್ನ, ಕಸದ ಬುಟ್ಟಿ ಎಲ್ಲ ಬಂದವು. ಓದಿ ನೋಡಿದರೆ ಮತ್ತೆ ಅದೇ: ನಾನಿಲ್ಲದಿದ್ದರೆ ನೋಡು ಏನಾಗುತ್ತದೆ. ಹೊಡೆದುಹಾಕಿದಳು. ಎರಡನೆಯದರಲ್ಲಿ 'ನಿನಗೆ ಬೇಕೆನಿಸಿದರೆ' ಎಂದು ಶುರು ಮಾಡಿದಳು. ತನ್ನ ಆಸೆಯನ್ನು ಮಗಳ ತಲೆಗೆ ಕಟ್ಟುವುದು ಯಾವ ನ್ಯಾಯ ಅನಿಸಿ ಅದನ್ನೂ ಹೊಡೆದಳು. ಜನವರಿ, ಫೆಬ್ರವರಿ, ಮಾರ್ಚಿಗಳ ಬೆನ್ನು ತುಂಬಿದ ಮೇಲೆ ಗೆರೆಯ ಹಾಳೆಗೆ ಬಂದದ್ದು ಅರ್ಧ ಪುಟ:

'ಪುಟ್ಟಿ, ಇಷ್ಟು ವಾರ ನಾನು ಬರೆದದ್ದೆಲ್ಲ ನಿಜ. ಆದರೆ ಪೂರ್ತಿ ನಿಜವಲ್ಲ. ಇಲ್ಲಿ ನಾನಿಲ್ಲದೆಯೂ ನಡೆಯುತ್ತದೆ. ಒಂದು ವಾರ ಕೈಕಟ್ಟಿ ಕೂತು ನೋಡಿದೆ. ನೀನು ಕರೆಯಲಿ ಎಂದು ಕಾದೆ, ನೀನು ಕರೆಯದ ಹಾಗೆ ಬರೆದವಳೂ ನಾನೇ. ನನಗೆ ನಿನ್ನ ಹೆರಿಗೆಗೆ ಬರಬೇಕೆಂದು ಆಸೆ. ನಿನಗೆ ಬೇಡವಾಗಿದ್ದರೆ ಬೇಡ ಅನ್ನು, ಬೇಜಾರಾಗುತ್ತದೆ, ಆದರೆ ತಡೆದುಕೊಳ್ಳುತ್ತೇನೆ.'

"ಓದು," ಅಂದರು ಅತ್ತೆ.

"ಈ ಸಲ ಓದೋದಿಲ್ಲ ಅತ್ತೆ. ಯಾರೂ ತಿದ್ದೋದೂ ಬೇಡ."

ಚಿತ್ರ ತೆಗೆಯುವಾಗ ಮರಿ ಹೇಗೂ ಓದಿದ. ಹಾಳೆಯನ್ನು ಎಂದಿಗಿಂತ ನಾಜೂಕಾಗಿ ಮಡಿಸಿ ತಿರುಗಿ ಕೊಟ್ಟ.

ಭಾನುವಾರ ಸಂಜೆ ಉತ್ತರವಿಲ್ಲ. ಸೋಮವಾರವೂ ಇಲ್ಲ. "ಓದಿದ್ದಾಳೆ, ಇಲ್ಲಿ ಗುರುತು ಬಿದ್ದಿದೆ ನೋಡು," ಎಂದು ಮರಿ ತೋರಿಸಿದ ಮೇಲೆ ಅವಳ ಜೀವ ಇನ್ನಷ್ಟು ಕುಗ್ಗಿತು. ಓದಿಯೂ ಸುಮ್ಮನಿದ್ದಾಳೆ. ಅಂದರೆ ಬೇಡವೆಂದೇ, ಹೇಳಲು ಸಂಕೋಚ. ಬಲವಂತದ ನೆಂಟಸ್ತಿಕೆ ಆಯಿತೇನೋ. ಬರೆಯಬಾರದಿತ್ತೇನೋ. ಮಂಗಳವಾರ ಅವಳು ರಜೆಯ ಅರ್ಜಿಯನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ, ಕೊಡದೆ ತಿರುಗಿ ತಂದಳು.

ಬುಧವಾರ ಸಂಜೆ ಫೋನು ಹೊಡೆದುಕೊಂಡಾಗ ಮನೆಯವರೆಲ್ಲ ಅಡುಗೆಮನೆಯಲ್ಲೇ ಇದ್ದರು. ಮೇಸ್ತ್ರಿ ಒಲೆಯ ಮೇಲೆ ಹಾಲಿಟ್ಟು ಚಹದ ಪುಡಿ ಹುಡುಕುತ್ತಿದ್ದ. ಹೊಲಿಗೆಯಮ್ಮ ಬಾಗಿಲ ಪಕ್ಕದ ಮಣೆಯ ಮೇಲೆ ಕೂತು ಫೋನೆತ್ತಿದಳು.

"ಅಮ್ಮ, ಭಾನುವಾರವೇ ಓದಿದೆ. ಫೋನ್ ಮಾಡೋಕೆ ಧೈರ್ಯ ಬರಲಿಲ್ಲ."

"ಯಾಕೆ ಪುಟ್ಟಿ?"

"ಬಾ ಅಂತ ನಾಲ್ಕು ಸಲ ಬರೆದು ಅಳಿಸಿದೆ. ನಾನು ಬಾ ಅಂದು, ನೀನು ಬಂದು, ಅಲ್ಲಿ ಅಜ್ಜಿಗೋ ಅಪ್ಪಂಗೋ ಏನಾದ್ರೂ ಆದ್ರೆ ಜನ್ಮಪೂರ್ತಿ ನನ್ನ ತಲೆ ಮೇಲೆ."

"ನಿನ್ನ ತಲೆ ಮೇಲೆ ಯಾಕೆ? ಬರ್ತೀನಿ ಅಂದೋಳು ನಾನು."

ಆ ಕಡೆ ಮೂಗು ಎಳೆದ ಸದ್ದು. "ನಂಗೆ ಹೆದರಿಕೆ ಆಗುತ್ತಮ್ಮ. ಇವರ ಹತ್ರ ಹೇಳಿದ್ರೆ ಇವರೂ ಹೆದರ್ತಾರೆ."

"ನಂಗೂ ಆಗುತ್ತೆ. ಒಟ್ಟಿಗೆ ಕೂತು ಹೆದರೋಣ."

ಮಗಳು ಅಳುವಿನ ನಡುವೆಯೇ ನಕ್ಕಳು. "ಆಯಾಗೆ ಬೇಡ ಅನ್ಲಾ ಹಾಗಾದ್ರೆ?"

"ಬೇಡ ಅನ್ಬೇಡ. ಕೂಸನ್ನ ಅವಳು ನೋಡ್ಕೊಳ್ಳಲಿ, ಅವಳಿಗೆ ಗೊತ್ತು. ನನ್ನ ಕೂಸನ್ನ ನಾನು ನೋಡ್ಕೊಳ್ತೀನಿ."

"ಅಮ್ಮ, ನಿಜ ಹೇಳು. ಅಲ್ಲಿ ಎಲ್ಲಾ ನಡೆಯುತ್ತಾ?"

ಹೊಲಿಗೆಯಮ್ಮ ಒಲೆಯತ್ತ ನೋಡಿದಳು. ಚಹದ ಪುಡಿ ಎಂದಿನ ಡಬ್ಬದಲ್ಲಿಲ್ಲ ಎಂದು ಮೇಸ್ತ್ರಿ, ನೀವೇ ನಿನ್ನೆ ಬೇರೆ ಡಬ್ಬಕ್ಕೆ ಸುರಿದಿರಿ ಎಂದು ಮರಿ, ಇಬ್ಬರೂ ಕಪಾಟಿನೊಳಗೆ ತಲೆ ತೂರಿಸಿ ವಾದಕ್ಕಿಳಿದಿದ್ದರು. ಅವರ ಬೆನ್ನ ಹಿಂದೆ ಹಾಲು ಏರುತ್ತಿತ್ತು. ಪಾತ್ರೆಯ ಅಂಚಿಗೆ ಬಂತು, ನಡುವೆ ಉಬ್ಬಿತು. ಅವಳ ಕಾಲು ತಾನಾಗಿ ನೆಲ ಒತ್ತಿತು.

"ನಡೆಯುತ್ತೆ," ಅಂದಳು.

ಹಾಲು ಉಕ್ಕಿ ಒಲೆಯ ಮೇಲೆ ಚುರ್ ಎಂದಿತು. ಅತ್ತೆ ಕೂಗಿಕೊಂಡರು, ಮರಿ ಓಡಿದ, ಮೇಸ್ತ್ರಿ ಬಟ್ಟೆ ಬಟ್ಟೆ ಎಂದು ತಡಕಾಡಿದ.

ಹೊಲಿಗೆಯಮ್ಮ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡು, ಗೋಡೆಗೆ ಒರಗಿ ಕೂತಳು.

"ಹೇಳು ಪುಟ್ಟಿ," ಅಂದಳು, "ರೈಲಿಳಿದ ಮೇಲೆ ಯಾವ ಬಸ್ಸು ಹತ್ತಬೇಕು?"